ಮೂಡಲಬಾಗಿಲ ಮಗು

ಮೇ ೨೯, ೧೯೭೮, ಸೋಮವಾರ. ಮುಳಬಾಗಿಲು

ಮದುವೆಯಾಗಿ ಇಂದಿಗೆ ಹದಿನೆಂಟು ದಿನ! "ಕಾನ್ವೆಂಟ್ ಹುಡುಗಿ, ನಿಂಗೆ ಕನ್ನಡದಲ್ಲಿ ಒಂದು ಪುಟ ಬರೆಯೋಕೂ ಬರಲ್ಲ" ಎಂದು ಇವರು ಕೆಣಕಿದ್ದಕ್ಕೆ ಈ ಡೈರಿ. ಒಂದು ಪುಟವೇನು, ಡೈರಿ ಪೂರ್ತಿ ತುಂಬಿಸುತ್ತೇನೆ. ಆದರೆ ಇವರಿಗೆ ಓದಲು ಕೊಡುವುದಿಲ್ಲ. ಇವರ ಹೆಸರು ನರಸಿಂಹ. ಕಂಬ ಒಡೆದುಕೊಂಡು ಬರುವವರಲ್ಲ. ಬಾಗಿಲು ತಟ್ಟಿ, ಕೆಮ್ಮಿ, ಆಮೇಲೆ ಒಳಗೆ ಬರುವವರು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಎಂಥ ಅದೃಷ್ಟ ನನ್ನದು!

ಇವತ್ತು ಇನ್ನೊಂದು ಅದೃಷ್ಟ. ಮಧ್ಯಾಹ್ನ ಮೂರಕ್ಕೆ ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿದರು. ಪಕ್ಕದ ಮನೆಯ ರಾಧಮ್ಮ ಬಂದರು, ಅರ್ಚಕರ ಮನೆಯ ತಿರುಮಲಮ್ಮ ಬಂದರು. ಬೈರಕೂರಿನಿಂದ ತರಕಾರಿ ತಂದು ಮಾರುವ ಆದಿಲಕ್ಷ್ಮಮ್ಮ ಖಾಲಿ ಮಂಕರಿಯನ್ನು ಜಗಲಿಯ ಮೇಲಿಟ್ಟು ಬಾಗಿಲ ಬಳಿ ಕೂತರು. ಇನ್ನು ದೇವರನಾಮ ಶುರು ಎಂದುಕೊಂಡು ನಾನು ಮೆಲ್ಲಗೆ ಅಡುಗೆಮನೆಗೆ ಜಾರುತ್ತಿದ್ದೆ. ಅತ್ತೆ ಟ್ರಂಕಿನಿಂದ ದಪ್ಪ ನೋಟುಬುಕ್ಕೊಂದನ್ನು ತೆಗೆದು ಓದತೊಡಗಿದರು: "ಐದು ಬಾಗಿಲುಗಳ ನಾಡಿನಲ್ಲಿ ಉಪ್ಪು ಹೊರುವವನೊಬ್ಬನಿದ್ದ."

ನಿಂತಲ್ಲೇ ಕಿರುಚಿಬಿಟ್ಟೆ. ಅದು ನನ್ನ ಪುಸ್ತಕ! ಕೆ.ಜಿ.ಎಫ್.ನಲ್ಲಿ ಒಂಬತ್ತನೇ ಕ್ಲಾಸಿನಲ್ಲಿ ಡೆಸ್ಕಿನ ಕೆಳಗಿಟ್ಟುಕೊಂಡು ಓದಿದ ಇಂಗ್ಲಿಷ್ ಕಾದಂಬರಿ. ಒಂದಲ್ಲ, ಐದು ಸಂಪುಟ. ಅದರ ತೆಲುಗು ಅನುವಾದ ಅತ್ತೆಗೆ ಮದನಪಲ್ಲಿಯಲ್ಲಿ ಸಿಕ್ಕಿತಂತೆ. ಅತ್ತೆಯ ತವರು ರಾಯಲ್ಪಾಡು. ಐದನೇ ಕ್ಲಾಸಿನವರೆಗೆ ಗಡಿಯಾಚೆ ತೆಲುಗಿನಲ್ಲೇ ಓದಿದವರು. ಆರು ವರ್ಷದಿಂದ ಅದನ್ನು ಕನ್ನಡಕ್ಕೆ ಬರೆದು ಬೀದಿಯ ಹೆಂಗಸರಿಗೆ ಓದಿ ಹೇಳುತ್ತಿದ್ದಾರೆ. ನನ್ನ ಅತ್ತೆ! ಸುಂದರಾಬಾಯಿ ಎಂಬ ಈ ಗಂಭೀರ ಹೆಂಗಸು!

ಜೂನ್ ೧

ಈ ಹೆಂಗಸರ ವಾದಗಳನ್ನು ಕೇಳಬೇಕು! ಇಂಗ್ಲಿಷಿನಲ್ಲಿ ನಾಯಕನ ಹೆಸರು ಡೋರಿನ್. ತೆಲುಗಿನಲ್ಲಿ ಅವನು ದೊರಯ್ಯನಾದ. ಅತ್ತೆ ದೊರೆಯಣ್ಣ ಮಾಡಿದರು. ಹಾಗಾಗಿ ರಾಧಮ್ಮನವರ ಪ್ರಕಾರ ಅವನು ವೇಷ ಮರೆಸಿಕೊಂಡ ರಾಜ. "ಸುಮ್ಮನೆ ಯಾರಾದ್ರೂ ದೊರೆ ಅಂತ ಹೆಸರಿಡ್ತಾರೇನೇ? ಉಪ್ಪು ಹೊರೋನಿಗೆ?" ಎಂದು ಅವರು ಕೇಳಿದರೆ ತಿರುಮಲಮ್ಮ, "ನಮ್ಮನೆ ಆಕಳಿಗೆ ರಾಣಿ ಅಂತ ಹೆಸರು. ಅದೇನು ಪಟ್ಟಕ್ಕೆ ಕೂರುತ್ತಾ?" ಎನ್ನುತ್ತಾರೆ.

ಐದನೆಯ ಬಾಗಿಲು ಪೂರ್ವದ್ದು. ಅತ್ತೆ ಅದನ್ನು ಮೂಡಲಬಾಗಿಲು ಎಂದು ಬರೆದಿದ್ದಾರೆ, ಊರಿನ ಹಳೆಯ ಹೆಸರೂ ಅದೇ; ಹಾಗಾಗಿ ಅದು ನಮ್ಮ ಮುಳಬಾಗಿಲೇ ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಆ ಬಾಗಿಲ ಮುಂದೆ ಸುಳ್ಳಾಡಿದವನು ತನ್ನ ಹೆಸರನ್ನೇ ಮರೆಯುತ್ತಾನೆ. ಇಲ್ಲಿ ಅದು ಆಣೆಯಾಗಿಬಿಟ್ಟಿದೆ. ಬದನೆಕಾಯಿ ನಿನ್ನೆಯದೋ ಇವತ್ತಿನದೋ ಎಂದು ರಾಧಮ್ಮ ಆದಿಲಕ್ಷ್ಮಮ್ಮನನ್ನು ಕೇಳುವುದು ಹೀಗೆ: "ಮೂಡಲಬಾಗಿಲ ಮುಂದೆ ನಿಂತು ಹೇಳು!"

ನಾಲ್ಕನೆಯ ಸಂಪುಟ ಮುಗಿಯುವಾಗ ದೊರೆಯಣ್ಣ ಆ ಬಾಗಿಲ ಮುಂದೆ ಬಂದು ನಿಲ್ಲುತ್ತಾನೆ. ಐದನೆಯದು ತೆಲುಗಿನಲ್ಲಿ ಬರಲೇ ಇಲ್ಲ, ಅಚ್ಚುಹಾಕುವವರು ಅಂಗಡಿ ಮುಚ್ಚಿದರು. ಎರಡು ವರ್ಷದಿಂದ ಅವನು ಅಲ್ಲೇ ನಿಂತಿದ್ದಾನೆ. ಈ ಹೆಂಗಸರು ಮೊದಲಿನಿಂದ ಮತ್ತೆ ಮತ್ತೆ ಓದುತ್ತಿದ್ದಾರೆ. ಪಾಪ! ಐದನೆಯದನ್ನು ನಾನು ಓದಿದ್ದೇನಲ್ಲ! ನಾಳೆ ಎಲ್ಲರೂ ಬಂದಾಗ ಹೇಳುತ್ತೇನೆ. ಅವರ ಕಣ್ಣಿಗೆ ನಾನು ದೇವತೆಯಾಗಿ ಕಾಣುತ್ತೇನೆ.

ಜೂನ್ ೨

ಹೇಳಿದೆ. ಎಷ್ಟು ಗದ್ದಲವಾಯಿತೆಂದರೆ ಎಲ್ಲವನ್ನೂ ಬರೆದಿಡಬೇಕು.

"ಐದನೇದು ನಾನು ಓದಿದೀನಿ!" ಎಂದೆ. ರಾಧಮ್ಮನವರ ಕೈಯ ಬೀಸಣಿಗೆ ನಿಂತಿತು.

"ಮೂಡಲಬಾಗಿಲ ಮುಂದೆ ಹೇಳು."

"ಅಲ್ಲೇ ನಿಂತು ಹೇಳ್ತಿದೀನಿ. ನನ್ನ ಹೆಸರು ವಾಗ್ದೇವಿ. ಮರೆತಿಲ್ಲ ನೋಡಿ!"

"ಹಾಗಾದ್ರೆ ದೊರೆಯಣ್ಣ ರಾಜ ಹೌದೋ ಅಲ್ವೋ?"

"ರಾಜ ಅಲ್ಲ. ಆದ್ರೆ ಅವನಿಗೆ ಮದುವೆ ಆಗುತ್ತೆ. ಬಾಗಿಲು ಕಾಯ್ತಾಳಲ್ಲ, ಅವಳ ಜೊತೆ!"

ಚಪ್ಪಾಳೆ ಬೀಳುತ್ತದೆಂದು ಕಾದೆ. ಬೀಳಲಿಲ್ಲ. ಕೊನೆಗೆ ಆದಿಲಕ್ಷ್ಮಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ನಾ ತಲ್ಲಿ! ಆ ಕೂಸ್ನಾ? ಗಡ್ಡ ಮೀಸೆ ಇರೋ ಗಂಡಸು ಹಾಲುಗಲ್ಲದ ಕೂಸ್ನ ಕಟ್ಕೊಂತಾನಾ?" ಎಂದರು.

ಯಾವ ಕೂಸು? ಬಾಗಿಲು ಕಾಯುವವಳು ತುಂಬಿದ ಪ್ರಾಯದ ಹೆಂಗಸು! ನಾಲ್ಕು ಸಂಪುಟದಲ್ಲೂ ಕೊನೆಯ ಪುಟಕ್ಕೆ ಮಾತ್ರ ಬರುತ್ತಾಳೆ. ಬಂದವರನ್ನು "ಏನು ಬಿಟ್ಟು ಬಂದೆ?" ಎಂದು ಒಂದೇ ಪ್ರಶ್ನೆ ಕೇಳುತ್ತಾಳೆ. ಅತ್ತೆ ಟ್ರಂಕಿನಿಂದ ತೆಲುಗು ಪುಸ್ತಕ ತೆಗೆದು ಬೆರಳಿಟ್ಟು ಓದಿದರು: "ತೂರ್ಪು ವಾಕಿಟ ಒಕ ಮಗುವ ಕೂರ್ಚುನಿ ಉಂದಿ. ಕೇಳಿಸ್ತೇನೇ? ಮೂಡಲಬಾಗಿಲಲ್ಲಿ ಒಂದು ಮಗು ಕೂತಿತ್ತು."

"ತೆಲುಗಲ್ಲಿ ಮಗೂಗೆ ಬಿಡ್ಡ ಅಂತಾರಲ್ವಾ ಅತ್ತೆ? ಪಾಪ ಅಂತಾರೆ. ಮಗು ಅಂತ ಎಲ್ಲಿ ಅಂತಾರೆ?"

"ಅದು ಪುಸ್ತಕದ ತೆಲುಗು ಕಣೇ."

"ಮುಂದೆ ಅವಳನ್ನ ಗೌರವದಿಂದ 'ಆಮೆ', ಅಂದ್ರೆ ಆಕೆ ಅಂತ ಕರೆದಿದಾರಲ್ಲ?"

"ಬಾಲಾತ್ರಿಪುರಸುಂದರೀನ ಏನಂತ ಕರೀತೀಯ? ಅದು ಅಂತಲಾ? ದೇವರಂಥ ಮಗು. ಅದಕ್ಕೇ ಗೌರವ."

ಉತ್ತರ ಜಾಣತನದ್ದೇ. ಆದರೆ ತಪ್ಪು ತಪ್ಪೇ. ಸಂಜೆ ಇವರು ಬಂದಕೂಡಲೇ ಆ ಸಾಲನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಇವರ ಕಚೇರಿಯಲ್ಲಿ ಆವಲಪ್ಪ ಎಂಬುವರಿದ್ದಾರೆ, ತೆಲುಗು ಪದ್ಯ ಬಾಯಿಪಾಠವಂತೆ.

ಜೂನ್ ೩

ಗೆದ್ದೆ! ಇವರು ಊಟಕ್ಕೆ ಬಂದಾಗ ಉತ್ತರ ತಂದರು. ಆವಲಪ್ಪನವರು ಹೇಳಿದ್ದು: "ಮಗುವ ಅಂದ್ರೆ ಹೆಂಗಸು ಕಣಪ್ಪ. ಪದ್ಯದಲ್ಲಿ ಬರೋ ಮಾತು, ಬಾಯಲ್ಲಿ ಯಾರೂ ಆಡಲ್ಲ." ತೆಲುಗಿನ ಮಗುವ ಕನ್ನಡಕ್ಕೆ ಬಂದು ಮಗು ಆಗಿಬಿಟ್ಟಿದೆ! ಎರಡೂ ಭಾಷೆ ಬರುವವರಿಗೆ ಮಾತ್ರ ಆಗಬಹುದಾದ ತಪ್ಪು ಇದು. ಒಂದೇ ಭಾಷೆ ಬರುವವರು ನಿಘಂಟು ನೋಡುತ್ತಾರೆ. ಮಧ್ಯಾಹ್ನ ಎಲ್ಲರೆದುರು ಇಷ್ಟನ್ನೂ ವಿವರಿಸಿದೆ. ಬಹಳ ಚೆನ್ನಾಗಿ ವಿವರಿಸಿದೆ ಎಂದೇ ಅನಿಸುತ್ತದೆ.

ಅತ್ತೆ ಪೂರ್ತಿ ಕೇಳಿಸಿಕೊಂಡು, "ಸರಿ" ಎಂದರು. ನೋಟುಬುಕ್ಕನ್ನು ಟ್ರಂಕಿನಲ್ಲಿಟ್ಟು, ಚಾಪೆ ಸುತ್ತಿದರು. ಆಗ ಮೂರೂಕಾಲು ಗಂಟೆ.

ಜೂನ್ ೯

ಇವತ್ತೂ ಓದಲಿಲ್ಲ. ಅತ್ತೆಗೆ ಸೊಂಟನೋವು ಇರಬೇಕು.

ಜೂನ್ ೧೪

ಸೊಂಟನೋವಲ್ಲ. ನಲ್ಲಿಯ ಬಳಿ ರಾಧಮ್ಮ ಕೊಡ ಇಡುತ್ತಾ, "ಏನಮ್ಮ ಇಂಗ್ಲಿಷ್ ರಾಣಿ, ನಮ್ಮ ಮಗೂನ ಒಂದೇ ದಿನಕ್ಕೆ ಮೈನೆರೆಸಿ ಮದುವೇನೂ ಮಾಡಿಬಿಟ್ಟೆ. ಆರತಿಗಾದ್ರೂ ಕರೀಬಾರ್ದಿತ್ತಾ?" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ನಾನು ಅಂಥ ಮಾತಿಗೆಲ್ಲ ಕುಗ್ಗುವವಳಲ್ಲ. ಆದರೆ ಕೊಡ ಅರ್ಧ ತುಂಬುವಷ್ಟರಲ್ಲೇ ಎತ್ತಿಕೊಂಡು ಬಂದುಬಿಟ್ಟೆ. ಯಾಕೋ.

ಅತ್ತೆ ನನಗೆ ಬೈದರೆ ಚೆನ್ನಾಗಿತ್ತು. "ಸಾರಿಗೆ ಉಪ್ಪು ಸರಿಯಾಗಿದೆಯಾ ಅತ್ತೆ?" ಎಂದರೆ, "ಸರಿಯಾಗಿದೆಯಮ್ಮ." "ಮಾವಿನಹಣ್ಣು ಹೆಚ್ಚಲಾ?" ಎಂದರೆ, "ನಿಮ್ಮಿಷ್ಟಮ್ಮ." ನನಗೆ ನೀವು! ಶ್ರೀನಿವಾಸಪುರದ ಮಾವು, ಮನೆಯೆಲ್ಲ ಘಮಘಮ. ಯಾರೂ ಎರಡನೆಯ ಹೋಳು ಕೇಳುವುದಿಲ್ಲ.

ಇವರನ್ನು ಕೇಳಿದೆ: "ನಾನು ಹೇಳಿದ್ದು ತಪ್ಪಾ?"

"ಹೇಳಿದ್ದು ಸರಿ" ಎಂದರು ಇವರು. ಆಮೇಲೆ ಕೆಮ್ಮಿದರು.

ಜೂನ್ ೨೨

ಅಕ್ಕಿ ಡಬ್ಬಿ ತೆಗೆಯಲು ಕೋಣೆಗೆ ಹೋದರೆ, ಅತ್ತೆ ನಾಲ್ಕು ಸಂಪುಟದ ನೋಟುಬುಕ್ಕುಗಳನ್ನೂ ಹರಡಿಕೊಂಡು ಕೂತಿದ್ದಾರೆ. ಕೈಯಲ್ಲಿ ಕೆಂಪು ಶಾಯಿಯ ಪೆನ್ನು. ಎಲ್ಲೆಲ್ಲಿ "ಮಗು" ಎಂದಿದೆಯೋ ಅಲ್ಲಲ್ಲಿ ಹೊಡೆದುಹಾಕಿ ಮೇಲೆ "ಹೆಂಗಸು" ಎಂದು ಬರೆಯುತ್ತಿದ್ದಾರೆ.

ಬಗ್ಗಿ ಓದಿದೆ. "ಹೆಂಗಸು ಕಾಲು ಆಡಿಸುತ್ತ ಕೂತಿತ್ತು. ಹೊಸಿಲಿನಿಂದ ನೆಲಕ್ಕೆ ಹೆಂಗಸಿನ ಕಾಲು ಎಟುಕುತ್ತಿರಲಿಲ್ಲ." ಒಂದೇ ಕಾಲಿಗೆ ಗೆಜ್ಜೆ, ಇನ್ನೊಂದು ಯಾರೋ ಸುಳ್ಳಾಡಿದ ದಿನ ಕಳಚಿಬಿತ್ತಂತೆ. ಇದೆಲ್ಲ ಇಂಗ್ಲಿಷಿನಲ್ಲಿಲ್ಲ. ತೆಲುಗಿನಲ್ಲೂ ಇರಲಾರದು.

"ಬೇಡ ಅತ್ತೆ, ಹೊಡೀಬೇಡಿ" ಎಂದೆ.

"ತಪ್ಪು ತಪ್ಪೇ ಅಲ್ವೇನಮ್ಮ? ಆರು ವರ್ಷ ನಾಲ್ಕು ಜನಕ್ಕೆ ತಪ್ಪು ಓದಿ ಹೇಳ್ದೆ. ಇನ್ನು ಯಾವ ಮುಖ ಇಟ್ಕೊಂಡು ಓದ್ಲಿ?"

ತಲೆಯೆತ್ತಲಿಲ್ಲ. ಮೂರನೆಯ ಸಂಪುಟದಲ್ಲಿದ್ದರು. ನಾನು ಅಕ್ಕಿ ತೆಗೆದುಕೊಂಡು ಬಂದೆ.

ಜುಲೈ ೩

ಅಪ್ಪ ಕರೆದೊಯ್ಯಲು ಬಂದಿದ್ದಾರೆ. ಆಷಾಢ! ಮದುವೆಯ ಮೊದಲ ವರ್ಷ ಅತ್ತೆ ಸೊಸೆ ಒಂದೇ ಸೂರಿನಡಿ ಇರಬಾರದು, ಗಂಡನನ್ನೂ ನೋಡಬಾರದು. ಒಂದು ತಿಂಗಳು! ಬೇರೆ ಹುಡುಗಿಯರು ಅಳುತ್ತಾರಂತೆ. ನಾನು ಅಳಲಿಲ್ಲ. ಬಸ್ಸು ಬೇತಮಂಗಲ ದಾಟಿದ ಮೇಲೆ ಸ್ವಲ್ಪ.

ಜುಲೈ ೮. ರಾಬರ್ಟ್‌ಸನ್‌ಪೇಟೆ

ಸಿಕ್ಕಿತು! ಕೆ.ಜಿ.ಎಫ್.ನ ನಮ್ಮ ಶಾಲೆಯ ಲೈಬ್ರರಿಯಲ್ಲಿ ಅದೇ ಐದನೆಯ ಸಂಪುಟ, ಅದೇ ಹರಿದ ಬೆನ್ನು. ಸಿಸ್ಟರ್ ನನ್ನ ತಾಳಿ ನೋಡಿ ನಕ್ಕು, ಸಹಿಯನ್ನೂ ಹಾಕಿಸಿಕೊಳ್ಳದೆ ಕೊಟ್ಟರು. ನಾನೇ ಕನ್ನಡಕ್ಕೆ ಮಾಡುತ್ತೇನೆ! ಪೂರ್ತಿ! ಅತ್ತೆಗೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ. ಅಷ್ಟೇನು ಕಷ್ಟ, ನನಗೆ ಎರಡೂ ಭಾಷೆ ಬರುತ್ತವೆ. ಮೊದಲ ಅಧ್ಯಾಯವನ್ನು ಮೂರು ದಿನದಲ್ಲಿ ಮುಗಿಸಿ ಅಂಚೆಗೆ ಹಾಕುತ್ತೇನೆ.

ಜುಲೈ ೧೬, ಭಾನುವಾರ

ಇವರು ಬಂದರು!! ಆಷಾಢದಲ್ಲಿ! ಅಮ್ಮ ಬಾಗಿಲಲ್ಲೇ ತಡೆದಳು. "ಅಳಿಯಂದಿರೇ, ತಿಂಗಳು ಯಾವುದು ಅಂತ ಗೊತ್ತಲ್ಲ?"

ಇವರು ಕೆಮ್ಮಿದರು. "ಅಮ್ಮಾನೇ ಕಳ್ಸಿದ್ದು. ಜಗಲಿ ಮೇಲೆ ಕೂತು ಹಾಳೆ ಇಸ್ಕೊಂಡು ಬಾ, ಒಳಗೆ ಕಾಲಿಡ್ಬೇಡ ಅಂದಿದಾರೆ."

ಹೀಗಾಗಿ ಇವರು ಜಗಲಿಯ ಮೇಲೆ, ನಾನು ಕಿಟಕಿಯ ಒಳಗೆ. ಎರಡು ಗಂಟೆ ಕೂತೆವು. ಕಿಟಕಿಯ ಸರಳುಗಳ ನಡುವೆ ಒಂದು ಕೈ ಸಲೀಸಾಗಿ ಹೋಗುತ್ತದೆ. ಇಷ್ಟು ಸಾಕು, ಇದು ಡೈರಿಗೂ ಬೇಡ.

ನನ್ನ ಮೊದಲ ಅಧ್ಯಾಯ ವಾಪಸ್ಸು ಬಂದಿದೆ. ಕೆಂಪು ಶಾಯಿ! ಇಪ್ಪತ್ತಮೂರು ತಪ್ಪು! "ಅವಳು ಅವನಿಗೆ ತನ್ನ ಹೃದಯವನ್ನು ಕೊಟ್ಟಳು" ಎಂದು ಬರೆದಿದ್ದೆ. ಪಕ್ಕದಲ್ಲಿ ಅತ್ತೆ: "ಕೊಟ್ಟ ಮೇಲೆ ಬದುಕುವುದು ಹೇಗೆ? ಮನಸ್ಸಾಯಿತು ಎಂದು ಬರಿ." ಇನ್ನೊಂದೆಡೆ: "ಹೆಸರಿಗೆ ವಾಗ್ದೇವಿ, ಒತ್ತಕ್ಷರ ಎಲ್ಲಿ?" ಮೊದಲು ಮುಖ ಬಿಸಿಯಾಯಿತು. ಆಮೇಲೆ ಓದುತ್ತ ಓದುತ್ತ ನಗು ತಡೆಯಲಾಗಲಿಲ್ಲ. ಅತ್ತೆ ತಿದ್ದಿದ ಮೇಲೆ ಆ ಪುಟ ಎಷ್ಟು ಚೆನ್ನಾಗಿದೆ! ಕೊನೆಯಲ್ಲಿ: "ಮುಂದಿನದು ಬೇಗ ಕಳಿಸು." ಕಳಿಸು! ಕಳಿಸಿ ಅಲ್ಲ!

ಮಧ್ಯಾಹ್ನದ ಓದು ಮತ್ತೆ ಶುರುವಾಯಿತಾ ಎಂದು ಕೇಳಿದೆ. ಇಲ್ಲವಂತೆ. ಅತ್ತೆ ಒಬ್ಬರೇ ಓದಿಕೊಂಡು ಟ್ರಂಕಿನಲ್ಲಿಡುತ್ತಾರಂತೆ. ರಾಧಮ್ಮ ಎರಡು ಸಲ ಸಕ್ಕರೆ ಸಾಲ ಕೇಳುವ ನೆಪದಲ್ಲಿ ಬಂದು ಟ್ರಂಕು ನೋಡಿಕೊಂಡು ಹೋದರಂತೆ.

ಜುಲೈ ೨೩, ಭಾನುವಾರ

ಮೂರನೆಯ ಅಧ್ಯಾಯ ಕೊಟ್ಟೆ. ಹೋದ ವಾರ ಇವರು ಕೊಂಡೊಯ್ದ ಎರಡನೆಯದು ತಿದ್ದಿ ಬಂತು. ಹನ್ನೊಂದೇ ತಪ್ಪು. ಇವರಿಗೆ ಜಗಲಿಯ ಮೇಲೆ ಊಟ ಬಡಿಸಿದ ಅಮ್ಮ, "ಆಷಾಢವನ್ನೂ ಮೀರಿಸೋ ಪುಸ್ತಕ ಅದ್ಯಾವುದಪ್ಪಾ!" ಎಂದು ತಲೆ ಚಚ್ಚಿಕೊಂಡಳು.

ಬರೆಯುವಾಗ ಒಂದು ಜಾಗದಲ್ಲಿ ತಡೆಯುತ್ತದೆ. "ಹೆಂಗಸು" ಎಂದು ಬರೆದಾಗಲೆಲ್ಲ ಪೆನ್ನು ನಿಲ್ಲುತ್ತದೆ. ಯಾಕೋ ಗೊತ್ತಿಲ್ಲ. ನಿಬ್ಬು ಬದಲಿಸಬೇಕು.

ಆಗಸ್ಟ್ ೬. ಮುಳಬಾಗಿಲು

ಮನೆಗೆ ಬಂದೆ. ಅತ್ತೆ ಹೊಸಿಲಲ್ಲಿ ಆರತಿ ಎತ್ತಿ, "ಏಳನೇ ಅಧ್ಯಾಯ ಎಲ್ಲಿ?" ಎಂದರು.

ಆದರೆ ಓದಲು ಮಾತ್ರ ಒಪ್ಪುತ್ತಿಲ್ಲ. "ನಿಂಗೆ ತಿದ್ದಿಕೊಡ್ತೀನಿ. ಅವರ ಮುಂದೆ ಕೂರಲ್ಲ." ಸರಿ, ನಾನು ಸುಮ್ಮನಿರುವವಳೇ? ಸಂಜೆ ಎರಡೂ ಮನೆ ಬಾಗಿಲಿಗೆ ಹೋಗಿ ಕರೆದೆ. ಆದಿಲಕ್ಷ್ಮಮ್ಮನಿಗೆ ಬುಧವಾರದ ಸಂತೆಯಲ್ಲಿ ಹೇಳಬೇಕೆಂದಿದ್ದೆ. ರಾಧಮ್ಮ ಆಗಲೇ ಬಸ್ಸಿನವನ ಕೈಲಿ ಹೇಳಿಕಳಿಸಿಬಿಟ್ಟಿದ್ದಾರೆ.

ಆಗಸ್ಟ್ ೯

ಎಲ್ಲರೂ ಬಂದರು. ಚಾಪೆ ನಾನೇ ಹಾಸಿದೆ. ಅತ್ತೆ ಅಡುಗೆಮನೆಗೆ ಹೋಗಿ ಬಾಗಿಲು ಅರ್ಧ ಹಾಕಿಕೊಂಡರು. ನಾನೇ ಓದತೊಡಗಿದೆ. ಬರೆಯುವುದೇ ಬೇರೆ, ಗಟ್ಟಿಯಾಗಿ ಓದುವುದೇ ಬೇರೆ! "ಪ್ರಾಕಾರ"ವನ್ನು ನಾನು "ಪ್ರಕಾರ" ಎಂದರೆ ಒಳಗಿನಿಂದ ಧ್ವನಿ: "ಪ್ರಾ! ಪ್ರಾಕಾರ!" "ಕತ್ತಿ ಜಳಪಿಸಿದ" ಎನ್ನುವಲ್ಲಿ ನಾಲಿಗೆ ತೊಡರಿದರೆ ಒಳಗಿನಿಂದ ಒಗ್ಗರಣೆ ಸೌಟು ಟಣ್ ಎಂದು ಬಿತ್ತು. ತಿರುಮಲಮ್ಮ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.

ಆ ಸಾಲು ಬಂತು. "ಮೂಡಲಬಾಗಿಲಲ್ಲಿ ಕೂತಿದ್ದ ಹೆಂಗಸು ಕೇಳಿದಳು: ಏನು ಬಿಟ್ಟು ಬಂದೆ?"

"ನಿಲ್ಸಮ್ಮ" ಎಂದರು ಆದಿಲಕ್ಷ್ಮಮ್ಮ. "ಈ ಹೆಂಗಸ್ಯಾರು? ನಮ್ ಮಗೂನ ಎಲ್ಲಿಗೆ ಕಳ್ಸಿಬಿಟ್ರಿ?"

"ಅದೇ ಇದು, ಆದಿಲಕ್ಷ್ಮಮ್ಮ. ಮೊದಲಿಂದ್ಲೂ ಹೆಂಗಸೇ."

"ಇರಬೋದು. ನಂಗೆ ಆಯಮ್ಮ ಗೊತ್ತಿಲ್ಲ. ಆರು ವರ್ಷದಿಂದ ನಂಗೆ ಗೊತ್ತಿರೋದು ಮಗು. ಬೈರಕೂರಿಂದ ನಾನು ಬಸ್ಸತ್ತಿ ಬರೋದು ಆಯಮ್ಮನ್ನ ನೋಡಕ್ಕಲ್ಲ."

ಆಗ ಅಡುಗೆಮನೆಯ ಬಾಗಿಲು ತೆರೆಯಿತು. ಅತ್ತೆ ಹೊಸಿಲಲ್ಲಿ ನಿಂತರು, ಕೈಯಲ್ಲಿನ್ನೂ ಸೌಟು. "ಮಗು ಅಲ್ಲ ಕಣ್ರೇ. ನಂಗೆ ಆ ಮಾತು ಗೊತ್ತಿರ್ಲಿಲ್ಲ. ಗೊತ್ತಿಲ್ಲದೆ ಮಗು ಅಂತ ಬರೆದೆ. ಕಾಲು ಎಟುಕಲ್ಲ ಅಂತ, ಗೆಜ್ಜೆ ಅಂತ, ನಾನೇ ಕಟ್ಟಿ ಹೇಳ್ದೆ. ಮೂಡಲಬಾಗಿಲ ಮುಂದೆ ನಿಂತು ಹೇಳ್ತಿದೀನಿ, ತಪ್ಪು ನಂದು."

ಅತ್ತೆಯ ಕೈ ಹಿಡಿದುಕೊಳ್ಳಬೇಕೆನಿಸಿತು, ಧೈರ್ಯವಾಗಲಿಲ್ಲ.

ತಿರುಮಲಮ್ಮ ಬಾಯಿಯ ಅಡಿಕೆ ಒಂದು ಕಡೆಗೆ ತಳ್ಳಿದರು. "ಏನೇ ಸುಂದರಾಬಾಯಿ, ನಿಂಗೆ ನಿನ್ನ ಹೆಸರು ನೆನಪಿದೆಯಾ?"

"ಇದೆ. ಯಾಕೆ?"

"ಹಾಗಾದ್ರೆ ಸುಳ್ಳು ಹೇಳಿಲ್ಲ ನೀನು. ಈಗಲೂ ಹೇಳಿಲ್ಲ, ಆಗಲೂ ಹೇಳಿಲ್ಲ. ನಂಗೆಷ್ಟು ವಯಸ್ಸು? ಐವತ್ತೆರಡು. ಮೊಮ್ಮಕ್ಕಳಿದಾರೆ. ನಮ್ಮತ್ತೆ ಇವತ್ತು ಬೆಳಿಗ್ಗೆ ನನ್ನ ಏನಂತ ಕರೆದ್ರು ಗೊತ್ತಾ? 'ಮಗೂ, ಒಂದು ಲೋಟ ಬಿಸಿನೀರು ಕೊಡು.' ಹಾಗಂತ ನನ್ನ ಕಾಲು ನೆಲಕ್ಕೆ ಎಟುಕಲ್ವಾ? ಮಗು ಅನ್ನೋದು ವಯಸ್ಸಾ? ಕರೆಯೋರು ಇರೋವರೆಗೂ ಮಗೂನೇ."

"ಅಂಗನ್ನಿ ಮತ್ತೆ!" ಎಂದರು ಆದಿಲಕ್ಷ್ಮಮ್ಮ. "ಬಾಗಿಲಲ್ಲಿ ಕೂತಾಗ ಚಿಕ್ಕದಿತ್ತು. ಆರು ವರ್ಷ ಆಯ್ತು. ನಾವೇನು ಹಂಗೇ ಇದೀವಾ? ಬೆಳೆದೈತೆ. ಕರೆಯೋದು ಮಗು ಅಂತಲೇ."

"ಆರು ವರ್ಷಕ್ಕೆ ಮದುವೆ ವಯಸ್ಸು ಬರುತ್ತೇನೇ?" ಎಂದು ರಾಧಮ್ಮ ಕೊಕ್ಕೆ ಹಾಕಿದರು.

"ಆ ನಾಡಲ್ಲಿ ವರ್ಷಕ್ಕೆ ಎಷ್ಟು ತಿಂಗಳು ಅಂತ ನಿಂಗ್ಗೊತ್ತಾ?" ಎಂದರು ತಿರುಮಲಮ್ಮ.

ಅದರ ಮೇಲೆ ಅರ್ಧ ಗಂಟೆ ಜಗಳ. ಎರಡನೆಯ ಸಂಪುಟದಲ್ಲಿ ರಾಗಿ ಎರಡು ಸಲ ಕೊಯ್ಲಿಗೆ ಬಂದಿದೆ (ಇಂಗ್ಲಿಷಿನಲ್ಲಿ ಅದು ಗೋಧಿ), ಮೂರರಲ್ಲಿ ಎರಡು ಚಳಿಗಾಲ, ನಾಲ್ಕರಲ್ಲಿ ದೊರೆಯಣ್ಣ ಸೆರೆಯಲ್ಲಿ ಗೋಡೆಗೆ ಗೀಟು ಹಾಕಿದ್ದೆಷ್ಟು! ಅತ್ತೆ ನೋಟುಬುಕ್ಕು ತೆರೆಯದೆಯೇ ಒಂದೊಂದನ್ನೂ ಪುಟದ ಸಮೇತ ಹೇಳಿದರು. ಯಾವಾಗ ಬಂದು ಚಾಪೆಯ ಮೇಲೆ ಕೂತರೋ ನಾನು ಗಮನಿಸಲಿಲ್ಲ. ಮಗು ಬಾಗಿಲಲ್ಲಿ ಕೂತು ಹದಿನೇಳು ವರ್ಷವಾಯಿತು ಎಂಬಲ್ಲಿಗೆ ಲೆಕ್ಕ ಬಂದು ನಿಂತಿತು. ರಾಧಮ್ಮ ಒಪ್ಪಿದರು, ದೊರೆಯಣ್ಣ ರಾಜನಲ್ಲ ಎಂಬುದನ್ನು ಮಾತ್ರ ಒಪ್ಪಿಲ್ಲ.

ನಾನು ಮುಂದೆ ಓದಲು ಹಾಳೆ ತೆಗೆದುಕೊಂಡರೆ ಅತ್ತೆ ಕೈಚಾಚಿದರು. "ಇಲ್ಲಿ ಕೊಡು ಮಗು. ನೀನು ಓದ್ತಾ ಹೋದ್ರೆ ದೀಪಾವಳಿಗೂ ಮುಗಿಯಲ್ಲ."

ನನ್ನ ಓದು ಅಷ್ಟೇನೂ ಕೆಟ್ಟದಾಗಿರಲಿಲ್ಲ! "ಪ್ರಾಕಾರ" ಒಂದು ಬಿಟ್ಟರೆ. ಆದರೆ ಅತ್ತೆ ಓದತೊಡಗಿದ ಮೇಲೆ ನಾನೂ ಗೋಡೆಗೊರಗಿ ಕೂತು ಕೇಳಿದೆ. ಮುಂದೇನಾಗುತ್ತದೆಂದು ಗೊತ್ತಿದ್ದೂ ಉಸಿರು ಬಿಗಿಹಿಡಿದು ಕೇಳಿದೆ.

ಆಗಸ್ಟ್ ೧೭

ಕೊನೆಯ ಅಧ್ಯಾಯ ಇವತ್ತು ಮುಗಿಯಿತು. ನಾಲ್ಕೇ ತಪ್ಪು, ಅದರಲ್ಲಿ ಒಂದು ಇವರು ಮಧ್ಯೆ ಬಂದು ಕೆಮ್ಮಿದ್ದರಿಂದ ಆದದ್ದು. ನಾಳೆ ಮದುವೆ ಓದುವುದು. ಆದಿಲಕ್ಷ್ಮಮ್ಮ ಹೂವು ತರುತ್ತಾರಂತೆ, ಯಾರಿಗೆ ಎಂದರೆ "ಮಗೂಗೆ" ಎನ್ನುತ್ತಾರೆ. ನಮ್ಮ ಮನೆಯಲ್ಲಿ ಪಾಯಸ.

ಕೊನೆಯ ಪುಟವನ್ನು ಅತ್ತೆಯ ಪಕ್ಕದಲ್ಲಿ ಕೂತೇ ಬರೆದೆ. ದೊರೆಯಣ್ಣ ಉಪ್ಪಿನ ಚೀಲ ಇಳಿಸಿ ಕೈ ಚಾಚುತ್ತಾನೆ. ಅವಳು ಹೊಸಿಲಿನಿಂದ ಏಳುತ್ತಾಳೆ. ಇಂಗ್ಲಿಷಿನಲ್ಲಿ ಅಲ್ಲಿ "ಆ ಹೆಂಗಸು ಎದ್ದು ನಿಂತಳು" ಎಂದಿದೆ. ಎರಡು ಸಲ ಓದಿದೆ. ಅಷ್ಟು ಒಳ್ಳೆಯ ಲೇಖಕ, ಅಷ್ಟು ದೊಡ್ಡ ಐದು ಸಂಪುಟ, ಕೊನೆಯ ಪುಟದಲ್ಲಿ ಇಂಥ ತಪ್ಪು!

"ಮೂಡಲಬಾಗಿಲ ಮಗು ಎದ್ದು ನಿಂತಿತು" ಎಂದು ಸರಿಮಾಡಿದೆ. ಅತ್ತೆ ಓದಿ ನೋಡಿ, ಕೆಂಪು ಪೆನ್ನಿನ ಮುಚ್ಚಳ ಹಾಕಿದರು.